ಕೈಗೆ ಗೊತ್ತಿರೋ ನೆನಪು

ನೋಡೋರನ್ನ ಅಳಿಸೋದು ಬಹಳ ಸುಲಭದ ಕೆಲಸ. ಸಾವು, ನೆನಪು, ಅಪ್ಪ-ಅಮ್ಮ ಅಂತ ಇರೋ ಶಾರ್ಟ್ ಫಿಲ್ಮ್‌ಗಳನ್ನ ಒಂದರ ಹಿಂದೆ ಒಂದು ನೋಡ್ತಾ ಹೋದ್ರೆ ಇದು ಬೇಗ ಗೊತ್ತಾಗಿಬಿಡುತ್ತೆ. ಖಾಲಿ ಕುರ್ಚಿ, ಅದರ ಮೇಲೆ ಕಿಟಕಿಯಿಂದ ಬೀಳೋ ಬಿಸಿಲು, ಒಂದೊಂದೇ ನೋಟ್ ಒತ್ತೋ ಪಿಯಾನೋ, ಎಲ್ಲೋ ಫೋನ್ ರಿಂಗ್ ಆಗ್ತಾ ಇರುತ್ತೆ ಯಾರೂ ಎತ್ತಲ್ಲ, ಕೊನೇ ಮೂವತ್ತು ಸೆಕೆಂಡಲ್ಲಿ ನೋಡಿದ್ರೆ ಇಷ್ಟೊತ್ತು ಮಗನ ಜೊತೆ ಮಾತಾಡ್ತಾ ಇದ್ದ ಅಮ್ಮ ಇಲ್ಲವೇ ಇಲ್ಲ, ಅವಳು ತೀರಿಹೋಗಿ ವರ್ಷಗಳೇ ಆಗಿವೆ, ಮುಗೀತು. ನಾನೂ ಅತ್ತಿದೀನಿ ಇಂಥವಕ್ಕೆ. ಆದ್ರೆ ಮಾರನೇ ದಿನ ಏನ್ ನೋಡ್ದೆ ಅಂತ ಯೋಚಿಸಿದ್ರೆ ಒಂದು ಶಾಟೂ ನೆನಪಿರಲ್ಲ. ನೆನಪಿನ ಬಗ್ಗೆ ಮಾಡಿದ ಸಿನಿಮಾನೇ ನೆನಪಲ್ಲಿ ಉಳೀಲಿಲ್ಲ ಅಂದ್ರೆ ಎಲ್ಲೋ ಏನೋ ಎಡವಟ್ಟಾಗಿದೆ.

ಹಾಗಾದ್ರೆ ಉಳಿದಿರೋವು ಯಾವುವು ಅಂತ ಲೆಕ್ಕ ಹಾಕೋಕೆ ಕೂತೆ. ಕೂತಾಗ ಕಂಡಿದ್ದು ಒಂದು ವಿಚಿತ್ರ. ಉಳಿದಿರೋ ಬಹುತೇಕ ಫಿಲ್ಮ್‌ಗಳಲ್ಲಿ ಯಾರೂ ಕೂತ್ಕೊಂಡು ನೆನಪಿಸ್ಕೊಳ್ತಾ ಇಲ್ಲ. ಏನೋ ಕೆಲಸ ಮಾಡ್ತಾ ಇದ್ದಾರೆ. ಸೂಟ್‌ಕೇಸ್ ತುಂಬ್ತಾರೆ, ಸೈಕಲ್ ತುಳೀತಾರೆ, ಗೋಡೆ ಕಟ್ತಾರೆ, ಬಟ್ಟೆ ಒಗೀತಾರೆ. ನೆನಪು ಅನ್ನೋದು ತಲೆಯಲ್ಲಿ ಓಡೋ ಫ್ಲ್ಯಾಶ್‌ಬ್ಯಾಕ್ ಅಂತ ದೊಡ್ಡ ಸಿನಿಮಾ ನಮಗೆ ಕಲಿಸಿಬಿಟ್ಟಿದೆ, ಮಂಜುಮಂಜಾದ ಅಂಚು, ಹಳದಿ ಬಣ್ಣ, ನಿಧಾನವಾಗಿ ನಗೋ ಮುಖ. ಈ ಪುಟ್ಟ ಫಿಲ್ಮ್‌ಗಳಲ್ಲಿ ಅದು ಕೈಯಲ್ಲಿರುತ್ತೆ.

2017ರ 'ನೆಗೆಟಿವ್ ಸ್ಪೇಸ್' ತಗೊಳ್ಳಿ. ಮ್ಯಾಕ್ಸ್ ಪೋರ್ಟರ್, ರು ಕುವಾಹಾಟಾ ಅನ್ನೋ ಜೋಡಿ ಮಾಡಿರೋ ಸ್ಟಾಪ್ ಮೋಷನ್ ಫಿಲ್ಮ್ (ಗೊಂಬೆಗಳನ್ನ ಒಂಚೂರೇ ಸರಿಸಿ ಒಂದೊಂದೇ ಫ್ರೇಮ್ ಹಿಡಿದು ಮಾಡೋದು), ಐದೇ ನಿಮಿಷ, ಒಂದು ಪುಟ್ಟ ಕವಿತೆಯನ್ನ ಇಟ್ಕೊಂಡು ಮಾಡಿದ್ದು, ಆಸ್ಕರ್‌ಗೆ ನಾಮಿನೇಟ್ ಕೂಡ ಆಗಿತ್ತು. ಅಪ್ಪ ಕೆಲಸದ ಮೇಲೆ ಯಾವಾಗ್ಲೂ ಊರೂರು ಸುತ್ತೋನು. ಮಗನಿಗೆ ಅವನು ಕಲಿಸೋ ಒಂದೇ ವಿದ್ಯೆ ಅಂದ್ರೆ ಸೂಟ್‌ಕೇಸ್ ಪ್ಯಾಕ್ ಮಾಡೋದು. ಸುತ್ತೋಕೆ ಬರೋ ಬಟ್ಟೆನೆಲ್ಲ ಸುತ್ತು, ಸುಕ್ಕಾಗೋದನ್ನ ಮೇಲಿಡು, ಸಂದಿಗೊಂದಿಗೆ ಕಾಲುಚೀಲ ತುರುಕು, ಬೆಲ್ಟ್‌ನ ಅಂಚಿನುದ್ದಕ್ಕೂ ಹಾವಿನ ಥರ ಮಲಗಿಸು. ಹುಡುಗ ಕಲೀತಾನೆ, ಚೆನ್ನಾಗೇ ಕಲೀತಾನೆ, ಆಮೇಲೆ ಅಪ್ಪನ ಪೆಟ್ಟಿಗೇನ ಅವನೇ ತುಂಬಿ ಕಳಿಸೋಕೆ ಶುರು ಮಾಡ್ತಾನೆ. ಇಬ್ಬರ ನಡುವೆ ಬೇರೆ ಮಾತುಕತೆ ಅಂತ ಹೆಚ್ಚೇನೂ ಇಲ್ಲ. ಪ್ರೀತಿ ಅಂತ ಏನಿದ್ಯೋ ಅದು ಆ ಪೆಟ್ಟಿಗೆಯ ಒಂದಿಂಚು ಜಾಗಾನೂ ವೇಸ್ಟ್ ಆಗದಂತೆ ನೋಡ್ಕೊಳ್ಳೋದ್ರಲ್ಲೇ ಇದೆ. ಕೊನೆಗೆ ಅಪ್ಪ ಸತ್ತು ಶವಪೆಟ್ಟಿಗೆಯಲ್ಲಿ ಮಲಗಿದಾಗ ಮಗನಿಗೆ ಬರೋ ಯೋಚನೆ ಏನ್ ಗೊತ್ತಾ, ಇಷ್ಟೊಂದು ಜಾಗ ಸುಮ್ನೆ ಖಾಲಿ ಬಿಟ್ಟಿದಾರಲ್ಲಾ ಅಂತ. ಮೊದಲ ಸಲ ನೋಡಿದಾಗ ನಂಗೆ ನಗು ಬಂತು, ನಕ್ಕ ಮೇಲೆ ಹೊಟ್ಟೇಲಿ ಏನೋ ಹಿಂಡಿದ ಹಾಗಾಯ್ತು. ಆ ಹುಡುಗ ಅಳ್ತಾ ನಿಂತಿದ್ರೆ ಇದರ ಕಾಲುಭಾಗಾನೂ ತಟ್ತಾ ಇರ್ಲಿಲ್ಲ. ಅಪ್ಪ ಹೋದ್ಮೇಲೂ ಅಪ್ಪ ಕಲಿಸಿದ ಕಣ್ಣು ಕೆಲಸ ಮಾಡ್ತಾನೇ ಇದೆ, ಅಪ್ಪನ ಶವದ ಮೇಲೇ ಕೆಲಸ ಮಾಡ್ತಾ ಇದೆ.

ಇದು ಬರೀ ಕವಿಗಳ ಚಮತ್ಕಾರ ಅಲ್ಲ, ಮೆದುಳೂ ಹಾಗೇ ಇದೆ. ಹೆನ್ರಿ ಮೊಲೈಸನ್ ಅನ್ನೋ ಒಬ್ಬ ಮನುಷ್ಯ ಇದ್ದ, ಅವನು ಬದುಕಿರೋವರೆಗೂ ವೈದ್ಯಕೀಯ ಜಗತ್ತು ಅವನನ್ನ ಎಚ್.ಎಂ. ಅನ್ನೋ ಎರಡಕ್ಷರದಲ್ಲೇ ಕರೀತಿತ್ತು. ಮೂರ್ಛೆರೋಗ ತಡೆಯೋಕೆ ಅಂತ 1953ರಲ್ಲಿ ಮಾಡಿದ ಆಪರೇಷನ್‌ನಲ್ಲಿ ಅವನ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ, ಅಂದ್ರೆ ಹೊಸ ನೆನಪು ಕೂರಿಸೋ ಜಾಗದ, ದೊಡ್ಡ ಭಾಗಾನೇ ತೆಗೆದುಬಿಟ್ರು. ಆಮೇಲೆ ಅವನಿಗೆ ಹೊಸ ನೆನಪು ಕೂರೋದೇ ನಿಂತುಹೋಯ್ತು. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವನಿಗೊಂದು ಪರೀಕ್ಷೆ ಕೊಟ್ರು, ಕನ್ನಡಿಯಲ್ಲಿ ಮಾತ್ರ ಕೈ ನೋಡ್ಕೊಂಡು ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಎಳೀಬೇಕು, ಒಂದ್ಸಲ ಟ್ರೈ ಮಾಡಿ ನೋಡಿ ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಮೂರು ದಿನದಲ್ಲಿ ಅವನ ಕೈ ಪಳಗಿಬಿಡ್ತು. ಆದ್ರೆ ಪ್ರತಿ ದಿನವೂ ಅವನ ಪ್ರಕಾರ ಅದು ಮೊದಲನೇ ಸಲ, ಈ ಆಟ ಹಿಂದೆಂದೂ ಆಡೇ ಇಲ್ಲ. ಅಂದ್ರೆ ಏನಾಯ್ತು ಅನ್ನೋ ನೆನಪು ಒಂದು ಕಡೆ, ಹೇಗೆ ಮಾಡ್ಬೇಕು ಅನ್ನೋ ನೆನಪು ಇನ್ನೊಂದು ಕಡೆ, ಮೊದಲನೇದು ಪೂರ್ತಿ ಮುರಿದುಬಿದ್ರೂ ಎರಡನೇದು ತನ್ನ ಪಾಡಿಗೆ ಇರುತ್ತೆ. ಕೈ ತಲೆಗಿಂತ ನಿಯತ್ತಿನದ್ದು.

ಸೈಕಲ್ ಕಥೆಗೆ ಬರ್ತೀನಿ. ಮಿಕಾಯೆಲ್ ಡುಡೊಕ್ ಡ ವಿಟ್ 2000ದಲ್ಲಿ ಮಾಡಿದ 'ಫಾದರ್ ಅಂಡ್ ಡಾಟರ್', ಎಂಟೂವರೆ ನಿಮಿಷ, ಒಂದು ಮಾತಿಲ್ಲ, ಮರುವರ್ಷ ಆಸ್ಕರ್ ಬಂತು. ಅಪ್ಪ ಮಗಳು ಸೈಕಲ್ ತುಳ್ಕೊಂಡು ನೀರಿನ ದಡಕ್ಕೆ ಬರ್ತಾರೆ. ಅಪ್ಪ ದೋಣಿ ಹತ್ರ ಇಳೀತಾನೆ, ತಡೀಲಾರದೆ ಮತ್ತೆ ಓಡಿಬಂದು ಮಗಳನ್ನ ಎತ್ತಿ ಅಪ್ಪಿಕೊಳ್ತಾನೆ, ಹೋಗ್ತಾನೆ. ಯಾಕೆ ಹೋದ, ಎಲ್ಲಿಗೆ ಹೋದ, ಸತ್ತನಾ ಇದ್ದಾನಾ, ಒಂದೂ ಹೇಳಲ್ಲ. ಮಗಳು ಮತ್ತೆ ಮತ್ತೆ ಅಲ್ಲಿಗೆ ಬರ್ತಾಳೆ ಅಷ್ಟೇ. ಮಳೆ ಗಾಳಿ ಚಳಿ ಎಲ್ಲದ್ರಲ್ಲೂ, ಚಿಕ್ಕ ಸೈಕಲ್ ಹೋಗಿ ದೊಡ್ಡದು, ಗೆಳತಿಯರ ಜೊತೆ, ಹುಡುಗನ ಹಿಂದೆ ಕೂತ್ಕೊಂಡು, ಗಂಡ ಮಕ್ಕಳ ಜೊತೆ, ಆಮೇಲೆ ಮುದುಕಿಯಾಗಿ ಒಬ್ಬಳೇ. ಇಡೀ ಬದುಕಿಗೆ ಎಂಟೂವರೆ ನಿಮಿಷ ಸಾಕಾಗಿದೆ, ಯಾಕಂದ್ರೆ ಆ ದಡಕ್ಕೆ ಬಂದ ಹೊತ್ತು ಬಿಟ್ಟು ಉಳಿದಿದ್ದನ್ನೆಲ್ಲ ಡ ವಿಟ್ ತೋರಿಸೋಕೇ ಹೋಗಿಲ್ಲ.

ಈ ಫಿಲ್ಮ್‌ನ ಕೊನೇ ಭಾಗ ಎಲ್ಲರಿಗೂ ನೆನಪಿರುತ್ತೆ, ನೀರು ಒಣಗಿ ಹುಲ್ಲು ಬೆಳೆದ ಜಾಗದಲ್ಲಿ ಅವಳಿಗೆ ಹೂತುಹೋದ ದೋಣಿ ಸಿಗೋದು, ಅದರಲ್ಲಿ ಮುದುರಿ ಮಲಗೋದು, ಎದ್ದು ಓಡ್ತಾ ಓಡ್ತಾ ವಯಸ್ಸು ಕಳಚಿ ಮತ್ತೆ ಹುಡುಗಿಯಾಗಿ ಅಪ್ಪನ ಎದುರು ನಿಲ್ಲೋದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಅದಕ್ಕಿಂತ ಸ್ವಲ್ಪ ಮುಂಚೆ ಬರೋ ಒಂದು ತುಣುಕೇ ಜಾಸ್ತಿ ಇಷ್ಟ. ಮುದುಕಿ ದಡಕ್ಕೆ ಬಂದು ಸೈಕಲ್ ಸ್ಟ್ಯಾಂಡ್ ಹಾಕ್ತಾಳೆ, ಬೀಳುತ್ತೆ. ಎತ್ತಿ ನಿಲ್ಲಿಸ್ತಾಳೆ, ನಾಲ್ಕು ಹೆಜ್ಜೆ ಹೋಗೋಷ್ಟರಲ್ಲಿ ಮತ್ತೆ ಬೀಳುತ್ತೆ. ಮತ್ತೆ ಎತ್ತೋಕೆ ನೋಡ್ತಾಳೆ, ಆಮೇಲೆ ಸಾಕು ಬಿಡು ಅನ್ನೋ ಹಾಗೆ ಅದನ್ನ ಅಲ್ಲೇ ಬಿಟ್ಟು ಇಳಿದುಹೋಗ್ತಾಳೆ. ಜೀವಮಾನವಿಡೀ ಬಂದು ನಿಲ್ಲಿಸಿ, ನೋಡಿ, ವಾಪಸ್ ತಗೊಂಡು ಹೋಗಿದ್ದ ಸೈಕಲ್. ವಾಪಸ್ ಹೋಗೋ ಯೋಚನೆ ಬಿಟ್ಟಿದ್ದಾಳೆ ಅಂತ ಹೇಳೋಕೆ ಇದಕ್ಕಿಂತ ಸರಳವಾದ ದಾರಿ ಇನ್ನೊಂದಿಲ್ಲ ಅನ್ಸುತ್ತೆ.

ಪಾಲಿನ್ ಬಾಸ್ ಅಂತ ಒಬ್ಬ ಅಮೆರಿಕನ್ ಫ್ಯಾಮಿಲಿ ಥೆರಪಿಸ್ಟ್ ಇದ್ದಾರೆ, ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಪೈಲಟ್‌ಗಳ ಮನೆಯವರ ಜೊತೆ 70ರ ದಶಕದಲ್ಲಿ ಕೆಲಸ ಮಾಡಿದವ್ರು. ಸತ್ತರು ಅಂತ ಗೊತ್ತಾದ್ರೆ ಅಳಬಹುದು, ಬದುಕಿದ್ದಾರೆ ಅಂತ ಗೊತ್ತಾದ್ರೆ ಕಾಯಬಹುದು, ಎರಡೂ ಗೊತ್ತಿಲ್ಲದಿದ್ರೆ ಏನ್ ಮಾಡೋದು? ಇದನ್ನ ಅವರು ಆಂಬಿಗ್ಯುಯಸ್ ಲಾಸ್ ಅಂತ ಕರೆದ್ರು, ಮುಗಿಯದ ನಷ್ಟ. ಅದರಲ್ಲಿ ಎರಡು ಬಗೆ. ಒಂದು, ಮನುಷ್ಯ ಕಣ್ಣೆದುರು ಇಲ್ಲ ಆದ್ರೆ ಮನಸ್ಸಲ್ಲಿ ಇದ್ದಾನೆ, ದಡದಲ್ಲಿ ನಿಂತ ಆ ಮಗಳ ಥರ. ಇನ್ನೊಂದು ಇದರ ತಿರುಗಾಮುರುಗಾ, ಮನುಷ್ಯ ಎದುರಿಗೇ ಕೂತಿದ್ದಾನೆ, ಆದ್ರೆ ಅವನು ಅಲ್ಲಿಲ್ಲ. ಮರೆವಿನ ಕಾಯಿಲೆ ಬಂದವರ ಮನೆಯಲ್ಲಿ ಇರೋರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಆ ಎರಡನೇ ಬಗೆಯ ಮೇಲೆ ಎರಡು ಒಳ್ಳೆ ಅನಿಮೇಷನ್ ಇವೆ. 'ಲೇಟ್ ಆಫ್ಟರ್‌ನೂನ್' 2017ರದ್ದು, ಐರ್ಲೆಂಡಿನ ಲೂಯಿಸ್ ಬ್ಯಾಗ್ನಲ್ ಮಾಡಿದ್ದು. ಎಮಿಲಿ ಅನ್ನೋ ಅಜ್ಜಿಗೆ ಒಬ್ಬ ಹೆಂಗಸು ಚಹಾ ತಂದುಕೊಡ್ತಾಳೆ, ಬಿಸ್ಕತ್ತು ಚಹಾದಲ್ಲಿ ಮುಳುಗುತ್ತೆ, ಅಜ್ಜಿ ಅದರ ಹಿಂದೇನೇ ತನ್ನ ಬಾಲ್ಯಕ್ಕೆ ಜಾರಿಬಿಡ್ತಾಳೆ. ಮತ್ತೆ ಮತ್ತೆ ಹೀಗೇ ಆಗುತ್ತೆ. ಚಹಾ ತಂದವಳು ಕೆಲಸದವಳೇನೋ ಅಂತ ನಾವು ಅಂದುಕೊಂಡಿರ್ತೀವಿ, ಅಜ್ಜಿಯೂ ಹಾಗೇ ಅಂದುಕೊಂಡಿರ್ತಾಳೆ, ಅವಳು ಮಗಳು. ಗೊತ್ತಾಗೋ ಆ ಕ್ಷಣ ಟ್ವಿಸ್ಟೇ, ನಾನು ಮೇಲೆ ಬೈದ ಜಾತಿಯದ್ದೇ, ಆದ್ರೆ ಇಲ್ಲಿ ಅದು ನಮಗೆ ಮೋಸ ಮಾಡೋಕೆ ಇಟ್ಟಿದ್ದಲ್ಲ, ಎಮಿಲಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು, ಅವಳಿಗೆ ಹೊಳೆದಾಗಲೇ ನಮಗೂ ಹೊಳೆಯುತ್ತೆ. ಟ್ವಿಸ್ಟ್ ಯಾರ ಕಣ್ಣಿಂದ ಬರುತ್ತೆ ಅನ್ನೋದ್ರ ಮೇಲಿದೆ ಎಲ್ಲ. ಅಂದಹಾಗೆ ಮುಪ್ಪಲ್ಲಿ ಬಾಲ್ಯ ಗಟ್ಟಿಯಾಗಿ ಉಳಿದು ನಿನ್ನೆ ಮೊನ್ನೆಯದ್ದು ಮೊದಲು ಅಳಿಸಿಹೋಗುತ್ತೆ ಅನ್ನೋದನ್ನ ಫ್ರಾನ್ಸಿನ ತಿಯೊಡ್ಯೂಲ್ ರಿಬೊ 1881ರಲ್ಲೇ ಬರೆದಿದ್ದ, ಅದಕ್ಕೆ ರಿಬೊ ನಿಯಮ ಅಂತಾನೇ ಹೆಸರು. ಮನೆಯವರಿಗೆ ಇದು ನಿಯಮದ ಥರ ಕಾಣಲ್ಲ ಅನ್ನೋದು ಬೇರೆ ಮಾತು. ಐವತ್ತು ವರ್ಷದ ಹಿಂದಿನ ಪಕ್ಕದ್ಮನೆ ಹುಡುಗನ ಹೆಸರು ನೆನಪಿದೆ, ಎದುರಿಗೆ ಕೂತಿರೋ ನನ್ನ ಹೆಸರಿಲ್ಲ ಅಂದ್ರೆ ನ್ಯಾಯವಾಗಿ ಸಿಟ್ಟು ಬರುತ್ತೆ, ಸಿಟ್ಟು ಬಂತಲ್ಲ ಅಂತ ಮತ್ತೆ ಬೇಜಾರಾಗುತ್ತೆ.

ಇನ್ನೊಂದು ಬ್ರೂನೊ ಕೋಲೇ ಅನ್ನೋ ಫ್ರೆಂಚ್ ನಿರ್ದೇಶಕನ 'ಮೆಮೊರಾಬ್ಲ್', 2019. ಚಿತ್ರಕಾರನೊಬ್ಬನಿಗೆ ಆಲ್ಝೈಮರ್ಸ್. ಗೊಂಬೆಗಳನ್ನ ಇಟ್ಟು ಮಾಡಿದ ಫಿಲ್ಮ್, ಗೊಂಬೆಗಳ ಮೈಮೇಲೆ ಬ್ರಷ್ ಎಳೆದ ದಪ್ಪ ದಪ್ಪ ಬಣ್ಣ. ರೋಗ ಏರ್ತಾ ಹೋದ ಹಾಗೆ ಮನೆಯ ಸಾಮಾನೆಲ್ಲ ಆಕಾರ ಕಳ್ಕೊಳ್ಳುತ್ತೆ, ಕರಗುತ್ತೆ, ಕೊನೆಗೆ ಹೆಂಡತಿ ಗಾಳಿಯಲ್ಲಿ ತೇಲೋ ಬಣ್ಣದ ಒಂದಷ್ಟು ಗೀರುಗಳಾಗಿ ಮಾತ್ರ ಅವನಿಗೆ ಕಾಣ್ತಾಳೆ. ಅವಳು ಯಾರು ಅಂತ ಅವನಿಗೆ ಗೊತ್ತಿಲ್ಲ, ಆದ್ರೂ ಅವಳ ಜೊತೆ ಕುಣೀತಾನೆ. ಮತ್ತೆ ಅದೇ ಬಂತು ನೋಡಿ, ಹೆಸರು ಹೋಯ್ತು, ಮುಖ ಹೋಯ್ತು, ಹೆಜ್ಜೆ ಉಳೀತು.

ನನ್ನ ಫೋನಲ್ಲಿ ಒಂದು ವಿಡಿಯೋ ಇದೆ. ಪಾಪುವಿನ ಆಟ ಹಿಡಿಯೋಕೆ ಹೋಗಿ ಯಾರೋ ಕ್ಯಾಮೆರಾನ ಸ್ವಲ್ಪ ಓರೆ ಹಿಡಿದಿದ್ದಾರೆ, ಅದರ ಮೂಲೆಯಲ್ಲಿ ಅಜ್ಜಿ ಸೂಜಿಗೆ ದಾರ ಪೋಣಿಸ್ತಾ ಇದಾರೆ. ಮುಖ ಪೂರ್ತಿ ಬಂದಿಲ್ಲ, ಗಲ್ಲದಿಂದ ಕೆಳಗೆ ಅಷ್ಟೇ. ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ, ಎರಡು ಬೆರಳಲ್ಲಿ ಚೂಪು ಮಾಡಿ, ಸೂಜೀನ ಬೆಳಕಿಗೆ ಹಿಡಿದು, ತಪ್ಪಿ, ಮತ್ತೆ ಒದ್ದೆ ಮಾಡಿ. ಪಾಪು ಕಿರುಚ್ತಾ ಇರೋದ್ರಿಂದ ಅಜ್ಜಿ ಏನೋ ಗೊಣಗಿದ್ದು ಕೇಳಲ್ಲ. ಅಜ್ಜೀದು ಇನ್ನೂ ಎಷ್ಟೋ ಫೋಟೋ ವಿಡಿಯೋ ಇವೆ, ಹೊಸ ಸೀರೆ ಉಟ್ಕೊಂಡು ಮದುವೆ ಮನೆಯಲ್ಲಿ ನೆಟ್ಟಗೆ ಕೂತಿರೋವು, ಅಜ್ಜೀ ಇಲ್ನೋಡಿ ಅಂತ ಯಾರೋ ಕೂಗ್ತಿರೋವು. ಆ ಯಾವುದ್ರಲ್ಲೂ ಅಜ್ಜಿ ಇಲ್ಲ, ಕ್ಯಾಮೆರಾ ನೋಡ್ತಿರೋ ಯಾರೋ ಮುದುಕಿ ಇದಾರೆ. ನಾವೆಲ್ಲ ಮುಖಾನೇ ಹಿಡೀತೀವಿ, ಹಬ್ಬ ಹುಟ್ಟುಹಬ್ಬ ಹಿಡೀತೀವಿ, ದಿನಾ ಮಾಡೋ ಕೆಲಸ ಹಿಡಿಯೋಕೆ ಯಾರಿಗೂ ತೋಚಲ್ಲ, ದಿನಾ ಇರುತ್ತಲ್ಲ ಅಂತ. ಶಾರ್ಟ್ ಫಿಲ್ಮ್ ಮಾಡೋ ಹುಡುಗ್ರು ಯಾರಾದ್ರೂ ಓದ್ತಾ ಇದ್ರೆ, ಕ್ಲೋಸಪ್ ಅಂದ್ರೆ ಕಣ್ಣೀರು ಅಂತ ಅಂದುಕೋಬೇಡಿ ಮಾರಾಯ್ರೇ, ಒಂದ್ಸಲ ಕೈಗೆ ಕ್ಯಾಮೆರಾ ತಿರುಗಿಸಿ.

ಜಪಾನಿನ ಕುನಿಯೊ ಕಾಟೊ ಅದನ್ನೇ ಮಾಡಿದ್ದು, 2008ರಲ್ಲಿ, ಫಿಲ್ಮ್ ಹೆಸರು 'ಲಾ ಮೇಜಾನ್ ಆನ್ ಪೆತಿ ಕ್ಯೂಬ್', ಪುಟ್ಟ ಪುಟ್ಟ ಚೌಕಗಳ ಮನೆ ಅನ್ಬಹುದು, ಹನ್ನೆರಡು ನಿಮಿಷ, ಇದಕ್ಕೂ ಆಸ್ಕರ್ ಬಂತು. ಊರಿಡೀ ನೀರಲ್ಲಿ ಮುಳುಗ್ತಾ ಇದೆ. ನೀರು ಏರಿದಾಗೆಲ್ಲ ಒಬ್ಬ ಮುದುಕ ಇಟ್ಟಿಗೆ ಜೋಡಿಸಿ ಮನೆ ಮೇಲೆ ಇನ್ನೊಂದು ಮನೆ ಕಟ್ಕೊಳ್ತಾನೆ, ಹಳೇದು ಕೆಳಗೆ ಮುಳುಗುತ್ತೆ. ಒಂದಿನ ಅವನ ಪೈಪು ನೀರಿಗೆ ಬೀಳುತ್ತೆ. ಡೈವಿಂಗ್ ಸೂಟ್ ಹಾಕ್ಕೊಂಡು ಹುಡುಕೋಕೆ ಇಳೀತಾನೆ, ಒಂದೊಂದು ಅಂತಸ್ತು ಇಳಿದ ಹಾಗೂ ಒಂದೊಂದು ಕಾಲ. ಹೆಂಡತಿ ಕಾಯಿಲೆ ಬಿದ್ದು ಮಲಗಿದ್ದ ಮಂಚ, ಮಗಳು ಮದುವೆಯಾಗಿ ಹೋದ ಮನೆ, ಮಗಳು ಕೂಸಾಗಿದ್ದ ಮನೆ, ತಳದಲ್ಲಿ ನೀರೇ ಇಲ್ಲದ ಕಾಲ, ಒಂದು ಮರ, ಇಬ್ಬರೂ ಸೇರಿ ಕಟ್ಟಿದ ಮೊದಲ ಗೋಡೆ.

ಈ ಫಿಲ್ಮ್ ಬಗ್ಗೆ ಬರೆಯೋರೆಲ್ಲ ಆ ಇಳಿಯೋದರ ಬಗ್ಗೆನೇ ಬರೀತಾರೆ, ನೆನಪಿನ ಆಳ ಅದು ಇದು ಅಂತ. ನಂಗೆ ಬೇರೆ ಒಂದು ವಿಷಯ ಕಾಡುತ್ತೆ. ಅವನು ಕಟ್ಟೋ ಪ್ರತಿ ಮನೆಯೂ ಕೆಳಗಿನದಕ್ಕಿಂತ ಚಿಕ್ಕದು. ಬೇರೆಯವರೆಲ್ಲ ಊರು ಬಿಟ್ಟು ಹೋದ್ರೂ ಇವನು ಹೋಗಲ್ಲ, ಯಾಕಂದ್ರೆ ಬೇರೆ ಕಡೆ ಹೋಗಿ ಕಟ್ಟಿದ್ರೆ ಮನೆ ದೊಡ್ಡದಾಗಬಹುದು ಆದ್ರೆ ಅದರ ಕೆಳಗೆ ಏನೂ ಇರಲ್ಲ. ಇದನ್ನ ಹಠ ಅನ್ನಬೇಕಾ, ನಿಷ್ಠೆ ಅನ್ನಬೇಕಾ ಅಂತ ಕಾಟೊ ತೀರ್ಮಾನ ಕೊಡಲ್ಲ. ಕೊನೆಗೆ ಮೇಲೆ ಬಂದು ಎರಡು ಗ್ಲಾಸಿಗೆ ವೈನ್ ಸುರೀತಾನೆ, ಒಂದಕ್ಕೊಂದು ತಾಗಿಸ್ತಾನೆ. ನಿರೂಪಣೆ ಇರೋ ಒಂದು ಆವೃತ್ತೀನೂ ಇದೆ, ಹೆಣ್ಣು ದನಿ ಕಥೆ ಹೇಳುತ್ತೆ, ಅದನ್ನ ದಯವಿಟ್ಟು ನೋಡಬೇಡಿ. ಮಾತಿಲ್ಲದ್ದೇ ಸಾಕು.

ಇಷ್ಟೆಲ್ಲ ಹೇಳಿದ್ಮೇಲೆ ನನ್ನ ಈ ಕೈ ಸಿದ್ಧಾಂತಕ್ಕೆ ಒಗ್ಗದ ಫಿಲ್ಮ್‌ಗಳೂ ಇವೆ ಅಂತ ಹೇಳ್ಬೇಕು. ಕ್ರಿಸ್ ಮಾರ್ಕರ್‌ನ 'ಲಾ ಜೆಟೆ', 1962, 28 ನಿಮಿಷ, ಸುಮಾರು ಪೂರ್ತಿ ಸ್ಟಿಲ್ ಫೋಟೋಗಳಲ್ಲೇ ಇದೆ. ಅಪ್ಪ ಅಮ್ಮ ಭಾನುವಾರ ವಿಮಾನ ನೋಡೋಕೆ ಅಂತ ಕರ್ಕೊಂಡು ಹೋದಾಗ ಕಂಡ ಒಂದು ಹೆಣ್ಣಿನ ಮುಖ, ಅದೊಂದನ್ನೇ ಹಿಡ್ಕೊಂಡು ಬದುಕಿರೋ ಮನುಷ್ಯ. ಇಡೀ ಫಿಲ್ಮ್‌ನಲ್ಲಿ ಅಲುಗಾಡೋದು ಒಂದೇ ಒಂದು ಶಾಟ್, ಮಲಗಿರೋ ಆಕೆ ಕಣ್ಣು ಬಿಟ್ಟು ರೆಪ್ಪೆ ಮಿಟುಕಿಸೋದು. ಸಿನಿಮಾದಲ್ಲಿ ಯಾರಾದ್ರೂ ಕಣ್ಣು ಮಿಟುಕಿಸೋದು ಒಂದು ವಿಷಯನಾ? ಇಪ್ಪತ್ತು ನಿಮಿಷದಷ್ಟು ಹೊತ್ತು ಏನೂ ಅಲುಗದೆ ಇದ್ದ ಮೇಲೆ ಹೌದು. ಮೈ ಜುಮ್ ಅನ್ನುತ್ತೆ. ಕೆಲಸ ಮಾಡೋ ಕೈಯ ಸುದ್ದಿಯೇ ಇಲ್ಲ ಇಲ್ಲಿ, ಬರೀ ಮುಖ. ಹಾಗೇ ಹಾಲಿಸ್ ಫ್ರಾಂಪ್ಟನ್‌ನ 'ನಾಸ್ಟಾಲ್ಜಿಯಾ', 1971, ತನ್ನ ಹಳೇ ಫೋಟೋಗಳನ್ನ ಒಂದೊಂದಾಗಿ ಹಾಟ್‌ಪ್ಲೇಟ್ ಮೇಲಿಟ್ಟು ಸುಡೋದು, ಅಷ್ಟೇ, 36 ನಿಮಿಷ. ಕಿತಾಪತಿ ಏನಂದ್ರೆ ಕೇಳೋ ವಿವರಣೆ ಈಗ ಸುಡ್ತಾ ಇರೋ ಫೋಟೋದ್ದಲ್ಲ, ಮುಂದೆ ಬರೋ ಫೋಟೋದ್ದು. ಹಾಗಾಗಿ ಕಣ್ಣೆದುರು ಒಂದು ಉರೀತಾ ಇರುತ್ತೆ, ಕಿವಿಗೆ ಇನ್ನೊಂದು ಬೀಳ್ತಾ ಇರುತ್ತೆ, ಎರಡನ್ನೂ ಹಿಡ್ಕೊಳ್ಳೋಕೆ ಹೋಗಿ ಎರಡೂ ಕೈತಪ್ಪುತ್ತೆ. ಸ್ವಲ್ಪ ಬೋರೂ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೆನಪಿಸ್ಕೊಳ್ಳೋ ಕ್ರಿಯೆ ಹೇಗಿರುತ್ತೆ ಅಂತ ಇಷ್ಟು ಪ್ರಾಮಾಣಿಕವಾಗಿ ತೋರಿಸಿದ್ದು ಬೇರೆ ನೋಡಿಲ್ಲ.

ಡಾನ್ ಹರ್ಟ್ಸ್‌ಫೆಲ್ಟ್‌ನ 'ವರ್ಲ್ಡ್ ಆಫ್ ಟುಮಾರೊ' ಬಗ್ಗೆ ಜಾಸ್ತಿ ಬರೆಯಲ್ಲ, ಬರೆದ್ರೆ ನೋಡೋ ಮಜಾ ಹೋಗುತ್ತೆ. 2015ರದ್ದು. ತನ್ನ ಸಂಬಂಧಿಕರದೇ ನಾಲ್ಕು ವರ್ಷದ ಮಗು ಆಟ ಆಡ್ತಾ ಚಿತ್ರ ಬರೀತಾ ಬಾಯಿಗೆ ಬಂದದ್ದು ಮಾತಾಡಿದ್ದನ್ನ ರೆಕಾರ್ಡ್ ಮಾಡ್ಕೊಂಡು, ಅದರ ಸುತ್ತ ಕಥೆ ಹೆಣೆದಿದ್ದಾನೆ. ಕಡ್ಡಿ ಗೊಂಬೆ ಥರದ ಚಿತ್ರ. ಭವಿಷ್ಯದಿಂದ ಅದೇ ಹುಡುಗಿಯ ತದ್ರೂಪಿಯೊಬ್ಬಳು ಬಂದು ಆ ಮಗುವಿನ ತಲೆಯಿಂದ ಒಂದು ನೆನಪು ತಗೊಂಡು ಹೋಗ್ತಾಳೆ. ಯಾವುದಪ್ಪಾ ಅಂಥಾ ನೆನಪು ಅಂದ್ರೆ, ಅಮ್ಮನ ಜೊತೆ ಸುಮ್ನೆ ನಡ್ಕೊಂಡು ಹೋಗಿದ್ದು. ಮಗುವಿಗೆ ಅದರ ಬೆಲೆ ಗೊತ್ತಿಲ್ಲ, ಮೂರೂವರೆ ವರ್ಷಕ್ಕಿಂತ ಹಿಂದಿನದ್ದು ದೊಡ್ಡವರಾದ್ಮೇಲೆ ನಮಗ್ಯಾರಿಗೂ ಹೆಚ್ಚಾಗಿ ಉಳಿಯೋದೂ ಇಲ್ಲ. ಎತ್ತಿ ಆಡಿಸಿದ್ದು, ಉಣಿಸಿದ್ದು, ರಾತ್ರಿಯೆಲ್ಲ ಎದ್ದು ಕೂತಿದ್ದು, ಅಪ್ಪ ಅಮ್ಮ ಮಾಡಿದ್ದರಲ್ಲಿ ಅತಿ ಕಷ್ಟದ ಭಾಗದ ನೆನಪು ಅವರ ಹತ್ರ ಮಾತ್ರ ಇರುತ್ತೆ. ಅವರು ಹೋದಾಗ ನಮ್ಮ ಆ ಮೂರು ವರ್ಷಾನೂ ಜೊತೆಗೇ ಹೋಗುತ್ತೆ, ಸಾಕ್ಷಿ ಇರಲ್ಲ ಇನ್ನು.

ಕುಟುಂಬ ಅಂದ ತಕ್ಷಣ ಎಲ್ಲ ಬೆಚ್ಚಗಿನ ಪ್ರೀತಿ ಅಂತ ಇರೋ ಫಿಲ್ಮ್‌ಗಳ ನಡುವೆ ಡಾರಿಯಾ ಕಶ್ಚೀವಾ ಮಾಡಿದ 'ಡಾಟರ್' ಒಳ್ಳೇ ಮದ್ದು. 2019ರದ್ದು, ವಿದ್ಯಾರ್ಥಿಯಾಗಿದ್ದಾಗ ಮಾಡಿದ್ದು, ಆಸ್ಕರ್ ನಾಮಿನೇಷನ್‌ವರೆಗೆ ಹೋಯ್ತು. ಆಸ್ಪತ್ರೆಯಲ್ಲಿ ಅಪ್ಪ ಮಲಗಿದ್ದಾನೆ, ಮಗಳು ಪಕ್ಕದಲ್ಲಿದ್ದಾಳೆ, ಕಿಟಕಿಗೆ ಒಂದು ಹಕ್ಕಿ ಬಂದು ಬಡಿಯುತ್ತೆ. ಅವಳು ಚಿಕ್ಕವಳಿದ್ದಾಗ ಗಾಯಗೊಂಡ ಹಕ್ಕಿಯನ್ನ ಅಪ್ಪನಿಗೆ ತೋರಿಸೋಕೆ ಹೋಗಿದ್ಲು, ಅಪ್ಪನಿಗೆ ಅರ್ಥ ಆಗ್ಲಿಲ್ಲ. ಅಷ್ಟೇ. ದೊಡ್ಡ ಜಗಳ ಇಲ್ಲ, ಹೊಡೆತ ಇಲ್ಲ. ಅಷ್ಟು ಸಣ್ಣದೊಂದು ಮುಖ ತಿರುಗಿಸಿದ್ದು ವರ್ಷಗಟ್ಟಲೆ ಉಳಿದುಬಿಡುತ್ತೆ, ಆಮೇಲೆ ಇಬ್ಬರಿಗೂ ಅದನ್ನ ಎಲ್ಲಿಂದ ಬಿಚ್ಚೋದು ಅಂತ ಗೊತ್ತಾಗಲ್ಲ. ಇದು ಗೊಂಬೆಗಳ ಫಿಲ್ಮ್, ಆದ್ರೆ ಕ್ಯಾಮೆರಾ ಕೈಯಲ್ಲಿ ಹಿಡ್ಕೊಂಡ ಹಾಗೆ ನಡುಗುತ್ತೆ, ಫೋಕಸ್ ತಪ್ಪುತ್ತೆ, ಮತ್ತೆ ಹುಡುಕುತ್ತೆ. ಸ್ಟಾಪ್ ಮೋಷನ್‌ನಲ್ಲಿ ನಡುಕ ತನ್ನಿಂತಾನೇ ಬರಲ್ಲ ಅನ್ನೋದು ನೆನಪಿಡಿ, ಒಂದೊಂದು ಫ್ರೇಮಿಗೂ ಕ್ಯಾಮೆರಾನ ಬೇಕಂತಲೇ ಒಂಚೂರು ಸರಿಸಿ ನಡುಗಿಸ್ಬೇಕು. ಆಕಸ್ಮಿಕ ಅನ್ನೋ ಹಾಗೆ ಕಾಣೋದನ್ನ ಅಷ್ಟು ತಾಳ್ಮೆಯಿಂದ ಕಟ್ಟಿದ್ದಾಳೆ ಆ ಹುಡುಗಿ.

ಈ ತಾಳ್ಮೆ ಲೆಕ್ಕ ಒಂದು ಹೇಳ್ಬಿಡ್ತೀನಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ಗೊಂಬೆ ಆಡಿಸೋರು ಸಾಮಾನ್ಯವಾಗಿ ಒಂದು ಭಂಗಿಯನ್ನ ಎರಡು ಫ್ರೇಮ್ ಹಿಡೀತಾರೆ, ಅಂದ್ರೆ ಸೆಕೆಂಡಿಗೆ 12 ಸಲ ಗೊಂಬೆ ಮುಟ್ಟಿ ಅಲ್ಲಾಡಿಸ್ಬೇಕು. ಐದು ನಿಮಿಷದ ಫಿಲ್ಮ್‌ಗೆ 3600 ಸಲ. ಸತ್ತ ಅಪ್ಪನ ಗೊಂಬೆಯನ್ನ ತಿಂಗಳುಗಟ್ಟಲೆ ದಿನಾ ಮುಟ್ಟಿ, ಕೈ ಎತ್ತಿಸಿ, ತಲೆ ತಿರುಗಿಸಿ. ನಂಗೇನೋ ಈ ವಿಷಯಕ್ಕೆ ಅನಿಮೇಷನ್ ಇಷ್ಟು ಒಗ್ಗೋದಕ್ಕೆ ಇದೇ ಕಾರಣ ಅನ್ಸುತ್ತೆ, ದುಃಖದ ಬಗ್ಗೆ ಹೇಳೋದಕ್ಕಿಂತ ಮುಂಚೆ ಅದರ ಜೊತೆ ಕೂತು ದುಡಿದಿರ್ತಾರೆ.

'ಇಫ್ ಎನಿಥಿಂಗ್ ಹ್ಯಾಪನ್ಸ್ ಐ ಲವ್ ಯೂ' ಬಗ್ಗೆ ಬರೀಲಿಲ್ಲ ಅಂದ್ರೆ ಯಾರಾದ್ರೂ ಕೇಳೇ ಕೇಳ್ತೀರ. 2020ರದ್ದು, ಶಾಲೆಯಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಮಗಳನ್ನ ಕಳ್ಕೊಂಡ ಅಪ್ಪ ಅಮ್ಮ, ಮಾತು ಬಿಟ್ಟಿರೋ ಇಬ್ಬರು, ಅವರ ನೆರಳುಗಳು ಮಾತ್ರ ಜಗಳ ಆಡ್ತಾವೆ, ತಬ್ಬಿಕೊಳ್ತಾವೆ. ಒಗೆಯೋ ಬಟ್ಟೆ ಮಧ್ಯೆ ಮಗಳ ಟೀ ಶರ್ಟ್ ಸಿಕ್ಕಿ ಅಮ್ಮ ಅಲ್ಲೇ ಕುಸಿಯೋ ಜಾಗ ಇದೆಯಲ್ಲ, ಅದು ನಿಜ, ನೂರಕ್ಕೆ ನೂರು ನಿಜ. ಆದ್ರೆ ನಡುವೆ ಹಾಡು ಬರುತ್ತೆ, ಹಾಡಿನ ಮೇಲೆ ಮಗಳ ಬಾಲ್ಯ ಪೂರ್ತಿ ಓಡುತ್ತೆ, ಅಲ್ಲಿ ನಾನು ಹೊರಗೆ ಬಂದುಬಿಟ್ಟೆ. ಅಮ್ಮ ಹಿಡ್ಕೊಂಡಿದ್ದ ಆ ಬಟ್ಟೆಯಲ್ಲೇ ಎಲ್ಲ ಇತ್ತು. ಇದಕ್ಕೆ ಬೈಯೋರು ಬೈಯಿರಿ, ನನ್ನ ಅಭಿಪ್ರಾಯ ಇದು.

ಎರಡು ಗಂಟೆ ಸಿನಿಮಾದ ಕಷ್ಟ ಅಂದ್ರೆ ಅದು ಎಲ್ಲಿಗಾದ್ರೂ ತಲುಪಲೇಬೇಕು. ದುಃಖದಲ್ಲಿ ಶುರುವಾದವನು ಕೊನೆಗೆ ಹೊಸ ಬೆಳಗು ನೋಡ್ಬೇಕು, ನಡುವೆ ಸಿಟ್ಟು ಬರ್ಬೇಕು, ಒಪ್ಪಿಕೊಳ್ಬೇಕು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ ಐದು ಹಂತಗಳನ್ನ (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳೋದು) ಸ್ಕ್ರಿಪ್ಟ್ ಬರೆಯೋರು ಮೆಟ್ಟಿಲು ಮಾಡ್ಕೊಂಡಿದ್ದಾರೆ, ರಾಸ್ ಅದನ್ನ ಬರೆದಿದ್ದು ತಾವೇ ಸಾಯ್ತಾ ಇರೋ ರೋಗಿಗಳನ್ನ ನೋಡಿ, ಹಿಂದೆ ಉಳಿದ ಮನೆಯವರನ್ನ ನೋಡಿ ಅಲ್ಲ ಅನ್ನೋದು ಯಾರಿಗೂ ಬೇಕಿಲ್ಲ. ಶಾರ್ಟ್ ಫಿಲ್ಮ್‌ಗೆ ಆ ಜವಾಬ್ದಾರಿ ಇಲ್ಲ. ಆಸ್ಕರ್ ಲೆಕ್ಕದಲ್ಲಿ 40 ನಿಮಿಷದೊಳಗೆ ಇದ್ರೆ ಶಾರ್ಟ್, ಆದ್ರೆ ಹತ್ತು ನಿಮಿಷದ್ದಕ್ಕೆ ಯಾರನ್ನೂ ಸರಿಮಾಡೋಕೆ ಪುರುಸೊತ್ತೇ ಇರಲ್ಲ, ಅದೇ ಅದರ ಪುಣ್ಯ.

ಇನ್ನು ಇವುಗಳಲ್ಲಿ ಯಾವುದು ಮೊದಲು ನೋಡೋದು ಅಂದ್ರೆ ನಾನು 'ನೆಗೆಟಿವ್ ಸ್ಪೇಸ್' ಅಂತೀನಿ, ಆಮೇಲೆ ಸೈಕಲ್ಲು. ಒಂದೇ ರಾತ್ರಿ ಎಲ್ಲಾ ನೋಡಬೇಡಿ, ಮೂರನೇದಕ್ಕೆ ಬರೋಷ್ಟರಲ್ಲಿ ಮನಸ್ಸು ದಪ್ಪಗಾಗಿ ಏನೂ ಇಳಿಯಲ್ಲ. ಆಟೋಪ್ಲೇ ಆಫ್ ಮಾಡಿ, ಹೆಸರುಗಳು ಓಡ್ತಾ ಇರುವಾಗ್ಲೇ ಮುಂದಿನ ವಿಡಿಯೋ ಬಂದು ಕುಣಿಯೋಕೆ ಶುರುಮಾಡಿದ್ರೆ ಅಷ್ಟೊತ್ತು ನೋಡಿದ್ದು ದಂಡ. ಯೂರಿ ನಾರ್ಸ್ಟೈನ್‌ನ 1979ರ 'ಟೇಲ್ ಆಫ್ ಟೇಲ್ಸ್' ಮಾತ್ರ ಕೊನೆಗೆ ಇಟ್ಕೊಳ್ಳಿ. ಅರ್ಧ ಗಂಟೆ ಹತ್ತಿರ ಇದೆ, ಕಥೆ ಅಂತ ಹೇಳೋ ಹಾಗಿಲ್ಲ, ಲಾಲಿಹಾಡಲ್ಲಿ ಬರೋ ಬೂದು ಬಣ್ಣದ ತೋಳದ ಮರಿ ಬೆಂಕಿಯಲ್ಲಿ ಆಲೂಗಡ್ಡೆ ಸುಟ್ಕೊಂಡು ಉಫ್ ಉಫ್ ಅಂತ ಊದ್ಕೊಂಡು ತಿನ್ನುತ್ತೆ, ಒಂದು ಹಾಳೆ ಕದ್ದು ಓಡುತ್ತೆ, ಹಾಳೆ ಕೂಸಾಗಿಬಿಡುತ್ತೆ, ಅದನ್ನ ತೂಗಬೇಕಲ್ಲ ಈಗ. ನಡುವೆ ದೀಪದ ಕೆಳಗೆ ಗಂಡು ಹೆಣ್ಣು ಟ್ಯಾಂಗೊ ಕುಣೀತಾ ಇರ್ತಾರೆ, ತಟ್ಟಂತ ಒಬ್ಬ ಗಂಡಸು ಮಾಯ, ಹಾಡು ಎಡವಿ ಮುಂದೆ ಹೋಗುತ್ತೆ, ಇನ್ನೊಬ್ಬ ಮಾಯ, ಯುದ್ಧಕ್ಕೆ ಹೋದ್ರು ಅವರೆಲ್ಲ. ಮೊದಲ ಸಲ ನೋಡಿದಾಗ ನಂಗೆ ತಲೆಬುಡ ಅರ್ಥ ಆಗಿರ್ಲಿಲ್ಲ. ನಿಮಗೂ ಆಗ್ದೇ ಇದ್ರೆ ಒಂದಷ್ಟು ದಿನ ಬಿಟ್ಟು ಇನ್ನೊಮ್ಮೆ ನೋಡಿ, ಆ ಟ್ಯಾಂಗೊ ಹೊತ್ತಲ್ಲಿ ಹೆಂಗಸರ ಕೈ ಎಲ್ಲಿದೆ ಅಂತ ಮಾತ್ರ ಗಮನಿಸಿ.